‘2001’ ನೋಡುತ್ತಾ ನಿದ್ದೆ ಬಂತು, ತಪ್ಪು ನನ್ನದಾ?

ಪ್ರಶ್ನೆ: ನನಗೆ 43 ವರ್ಷ. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ಮಗ ಸೆಕೆಂಡ್ ಪಿಯು ಓದುತ್ತಿದ್ದಾನೆ, ಬಾಹ್ಯಾಕಾಶ ಅಂದರೆ ಪ್ರಾಣ. ಜಗತ್ತಿನ ಅತ್ಯುತ್ತಮ ವೈಜ್ಞಾನಿಕ ಚಿತ್ರ ಅಂತ ಎಲ್ಲರೂ ಹೇಳುವ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ಇಬ್ಬರೂ ಒಂದು ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಹಾಕಿದೆವು. ಶುರುವಿಗೇ ಪರದೆ ಪೂರ್ತಿ ಕಪ್ಪು, ಬರೀ ಏನೋ ಗುಂಯ್ ಅನ್ನುವ ಸದ್ದು. ಫೈಲ್ ಕೆಟ್ಟಿದೆ ಅಂತ ಮಗ ಮುಂದಕ್ಕೆ ಓಡಿಸಿದ. ಆಮೇಲೆ ಅರ್ಧ ಗಂಟೆ ಬರೀ ಮಂಗಗಳು, ಒಂದೇ ಒಂದು ಮಾತಿಲ್ಲ. ನನಗೆ ನಿದ್ದೆ ಬಂತು. ಕಂಪ್ಯೂಟರ್ ಬಂದ ಮೇಲೆ ಮಗ ಎಬ್ಬಿಸಿದ, ಆ ಭಾಗ ಚೆನ್ನಾಗಿತ್ತು. ಆದರೆ ಕೊನೆಯ ಅರ್ಧ ಗಂಟೆ ಇಬ್ಬರಿಗೂ ಅರ್ಥ ಆಗಲಿಲ್ಲ. ನಮಗೇ ತಿಳಿವಳಿಕೆ ಸಾಲದಾ ಅಥವಾ ಎಲ್ಲರೂ ಸುಮ್ನೆ ಹೊಗಳುತ್ತಾರಾ? ಆ ಕಂಪ್ಯೂಟರ್ ಯಾಕೆ ಕೊಲ್ಲುತ್ತದೆ? ಚಂದ್ರನ ಮೇಲೆ ಇಳಿದದ್ದನ್ನು ಇದೇ ನಿರ್ದೇಶಕ ಸ್ಟುಡಿಯೋದಲ್ಲಿ ಶೂಟ್ ಮಾಡಿದ್ದು ಅಂತ ಮಗನ ಗೆಳೆಯರು ಹೇಳುತ್ತಾರೆ, ನಿಜವಾ? ಇನ್ನೊಮ್ಮೆ ನೋಡಬೇಕು ಅಂತಿದೆ. ಮೊದಲು ಕಾದಂಬರಿ ಓದಿಕೊಂಡರೆ ಒಳ್ಳೆಯದಾ?

ಉತ್ತರ: ನಿದ್ದೆ ಬಂದ ವಿಷಯ ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ, ಖುಷಿಯಾಯಿತು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಈ ಚಿತ್ರ ತೋರಿಸುತ್ತಾ ಬಂದಿದ್ದೇನೆ. ಪ್ರತಿ ಶಿಬಿರದಲ್ಲೂ ನಾಲ್ಕೈದು ಜನ ನಿದ್ದೆ ಮಾಡುತ್ತಾರೆ. ಇನ್ನಿಬ್ಬರು ಚಿತ್ರ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ. ಹೋದ ಸಲ ನಿದ್ದೆ ಹೋದವರೇ ಈ ಸಲ ಏಳದೆ ಕೂತದ್ದನ್ನೂ ನೋಡಿದ್ದೇನೆ. ಹಾಗಾಗಿ ನಿಮ್ಮ ತಿಳಿವಳಿಕೆಯ ಬಗ್ಗೆ ಚಿಂತೆ ಬೇಡ. 1968ರಲ್ಲಿ ಬಿಡುಗಡೆಯಾದಾಗ ನ್ಯೂಯಾರ್ಕ್‌ನ ದೊಡ್ಡ ವಿಮರ್ಶಕರೇ ಬೇಸರಪಟ್ಟುಕೊಂಡರು. ಪಾಲಿನ್ ಕೇಲ್ ಅಂಥವರು ಇದನ್ನು ಕಲ್ಪನೆಯೇ ಇಲ್ಲದ ಚಿತ್ರ ಅಂತ ಬರೆದರು. ಮೊದಲ ಪ್ರದರ್ಶನಗಳಾದ ಮೇಲೆ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತಾನೇ ಕೂತು ಸುಮಾರು 19 ನಿಮಿಷ ಕತ್ತರಿಸಿದ. ನೀವು ನೋಡಿದ್ದು ಆ ಕತ್ತರಿಸಿದ ಚಿತ್ರವನ್ನೇ.

ಹಾಗಂತ ಹೊಗಳಿಕೆಯೆಲ್ಲ ಸುಳ್ಳಲ್ಲ. ನನ್ನ ಮಟ್ಟಿಗೆ ಇದು ಸಿನಿಮಾ ಅನ್ನುವ ಕಲೆ ಮಾಡಿದ ಅತಿ ದೊಡ್ಡ ಸಾಹಸಗಳಲ್ಲಿ ಒಂದು. ತೊಂದರೆ ಇರುವುದು ಇನ್ನೊಂದು ಕಡೆ. ನಾವು ಸಿನಿಮಾವನ್ನು ಮಾತಿನಲ್ಲಿ ಹಿಂಬಾಲಿಸುವುದಕ್ಕೆ ಒಗ್ಗಿಹೋಗಿದ್ದೇವೆ. ಯಾರು ಏನು ಹೇಳಿದರು, ಮುಂದೇನಾಯಿತು, ಅಷ್ಟೇ ಕೇಳುತ್ತಾ ಹೋಗುತ್ತೇವೆ. ಈ ಚಿತ್ರ ಕಥೆಯನ್ನು ಮಾತಿನ ಕೈಗೆ ಕೊಟ್ಟೇ ಇಲ್ಲ. ಕಣ್ಣು, ಕಿವಿಗೆ ಕೊಟ್ಟಿದೆ. ಮೊದಲ ಮಾತು ಬರುವುದೇ ಸುಮಾರು 25 ನಿಮಿಷ ಆದ ಮೇಲೆ. ಅದೂ ಏನು? ಬಾಹ್ಯಾಕಾಶ ನಿಲ್ದಾಣದ ಲಿಫ್ಟ್ ಹುಡುಗಿ ‘ಬಂತು ನೋಡಿ ಸರ್’ ಅನ್ನುವಂಥ ಮಾತು. ಅಲ್ಲಿಂದ ಮುಂದೆ ಜನ ಆಡುವುದೂ ಬಹುಪಾಲು ಉಭಯಕುಶಲೋಪರಿ, ಸ್ಯಾಂಡ್‌ವಿಚ್, ಹುಟ್ಟುಹಬ್ಬದ ಶುಭಾಶಯ. ಮಾತಲ್ಲಿ ಅರ್ಥ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಅವರು ಅರಸಿಕರು ಅಂತಲ್ಲ, ಚಿತ್ರ ತನ್ನ ಸರಕನ್ನು ಅಲ್ಲಿ ಇಟ್ಟೇ ಇಲ್ಲ.

ಹಾಗಾದರೆ ಎಲ್ಲಿಟ್ಟಿದೆ? ನೀವು ನಿದ್ದೆ ಹೋದ ಆ ಮಂಗಗಳ ಭಾಗದಿಂದಲೇ ಶುರು ಮಾಡೋಣ.

ಅವು ಮಂಗಗಳಲ್ಲ, ಮನುಷ್ಯ ಇನ್ನೂ ಮನುಷ್ಯ ಆಗುವುದಕ್ಕೆ ಮುಂಚಿನ ವಾನರರು. ಹಸಿವು, ಚಿರತೆಯ ಭಯ, ಒಂದು ಸಣ್ಣ ನೀರಿನ ಗುಂಡಿಗಾಗಿ ಪಕ್ಕದ ಗುಂಪಿನ ಜೊತೆ ಕಿರುಚಾಟ. ರಾತ್ರಿ ಎಲ್ಲರೂ ಬಂಡೆಯ ಸಂದಿಯಲ್ಲಿ ಮುದುರಿ ಕೂತು ಕತ್ತಲಿಗೆ ಕಿವಿಗೊಡುತ್ತಾರೆ. ಆ ಕಣ್ಣುಗಳನ್ನು ನೋಡಿ. ಬೆಳಗಾದಾಗ ಎದುರಿಗೆ ಒಂದು ಕಪ್ಪು ಚಪ್ಪಡಿ ನಿಂತಿರುತ್ತದೆ. ಸುತ್ತಲಿನ ಕಲ್ಲು, ಮಣ್ಣು, ಮೂಳೆ ಎಲ್ಲ ಅಡ್ಡಾದಿಡ್ಡಿ. ಅದೊಂದಕ್ಕೆ ಮಾತ್ರ ನೇರ ಅಂಚು, ನಯವಾದ ಮೈ. ಇದನ್ನು ಯಾರೋ ಮಾಡಿದ್ದಾರೆ ಅಂತ ಒಂದು ಮಾತೂ ಇಲ್ಲದೆ ನಮಗೆ ಗೊತ್ತಾಗುತ್ತದೆ. ಅದಾದ ಮೇಲೆ ಒಬ್ಬ ವಾನರ ಮೂಳೆಯ ರಾಶಿಯ ಮುಂದೆ ಕೂತು, ತಲೆ ಓರೆ ಮಾಡಿ, ಒಂದು ಮೂಳೆ ಎತ್ತಿ ಸುಮ್ನೆ ತಟ್ಟಿ ನೋಡುತ್ತಾನೆ. ಇನ್ನೊಂದು ಸಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಆ ಪಾತ್ರ ಮಾಡಿದ ಡಾನ್ ರಿಕ್ಟರ್ ಮೂಕಾಭಿನಯದ ಕಲಾವಿದ. ಮೊದಲ ಸಲ ಒಂದು ಜೀವಿಗೆ ಯೋಚನೆ ಹುಟ್ಟುವುದನ್ನು ಅವನು ಬೆನ್ನು, ಮಣಿಕಟ್ಟಿನಲ್ಲೇ ತೋರಿಸಿಬಿಡುತ್ತಾನೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ, ಈಗಲೂ ಮೈ ಜುಮ್ಮೆನ್ನುತ್ತದೆ.

ಮುಂದೆ ಆ ಮೂಳೆ ಬೇಟೆಗೆ ಬರುತ್ತದೆ, ಕೊಲೆಗೂ ಬರುತ್ತದೆ. ಗೆದ್ದವನು ಅದನ್ನು ಆಕಾಶಕ್ಕೆ ಎಸೆಯುತ್ತಾನೆ. ಮೂಳೆ ಮೇಲೆ ಹೋಗಿ ತಿರುಗಿ ಕೆಳಗೆ ಬರುವಾಗ, ಒಂದೇ ಕಟ್‌ನಲ್ಲಿ ಅದೇ ಜಾಗದಲ್ಲಿ ಒಂದು ಉಪಗ್ರಹ. ನಡುವಿನ 40 ಲಕ್ಷ ವರ್ಷ ಮಾಯ. ಆ ಉಪಗ್ರಹ ಭೂಮಿಯನ್ನು ಸುತ್ತುವ ಅಣ್ವಸ್ತ್ರ ಅಂತ ಚಿತ್ರದ ಯೋಜನೆಯಲ್ಲಿ ಇತ್ತು, ಚಿತ್ರದೊಳಗೆ ಹೇಳುವುದಿಲ್ಲ. ಮೂಳೆಯಿಂದ ಬಾಂಬಿನವರೆಗಿನ ಚರಿತ್ರೆಗೆ ಒಂದು ಕಟ್ ಸಾಕಾಯಿತು, ಅಲ್ವಾ?

ಒಂದು ಕೆಲಸದ ಗುಟ್ಟು ಹೇಳುತ್ತೇನೆ, ನಿಮ್ಮ ಮಗನಿಗೆ ಇಷ್ಟ ಆಗಬಹುದು. ಆ ಮರುಭೂಮಿಗೆ ನಟರು ಯಾರೂ ಹೋಗಿಲ್ಲ. ಹೆಚ್ಚುಕಡಿಮೆ ಎಲ್ಲ ಇಂಗ್ಲೆಂಡಿನ ಬೋರಮ್‌ವುಡ್ ಸ್ಟುಡಿಯೋದೊಳಗೆ. ನೈಋತ್ಯ ಆಫ್ರಿಕಾದಲ್ಲಿ, ಈಗಿನ ನಮೀಬಿಯಾದಲ್ಲಿ, ತೆಗೆದ ದೊಡ್ಡ ಫೋಟೋಗಳನ್ನು ನಟರ ಹಿಂದಿನ ಪರದೆಯ ಮೇಲೆ ಎದುರಿನಿಂದಲೇ ಬಿಟ್ಟರು. ರಾತ್ರಿ ಹೈವೇಯಲ್ಲಿ ಹೋಗುವಾಗ ಗಾಡಿಯ ಬೆಳಕು ಬಿದ್ದ ಕೂಡಲೇ ಊರಿನ ಹೆಸರಿನ ಬೋರ್ಡ್ ಫಳಫಳ ಹೊಳೆಯುತ್ತದಲ್ಲ, ಆ ಪರದೆಗೂ ಅಂಥದ್ದೇ ಹೊಳೆಯುವ ಹಾಳೆ ಅಂಟಿಸಿದ್ದರು. ಬೆಳಕು ಬಂದ ದಾರಿಗೇ ವಾಪಸ್ ಹೋಗಿ ಕ್ಯಾಮೆರಾ ಸೇರುತ್ತಿತ್ತು. ಈ ಸಲ ನೋಡುವಾಗ ಚಿರತೆಯ ಕಣ್ಣು ಗಮನಿಸಿ, ಕೆಂಡದ ಹಾಗೆ ಹೊಳೆಯುತ್ತವೆ. ಅದು ಬೇಕೆಂದು ಮಾಡಿದ್ದಲ್ಲ. ಪ್ರೊಜೆಕ್ಟರ್ ಬೆಳಕು ಚಿರತೆಯ ಕಣ್ಣಿನಿಂದಲೂ ಹಾಗೇ ವಾಪಸ್ ಬಂತು. ಕುಬ್ರಿಕ್ ಅದನ್ನು ಹಾಗೇ ಉಳಿಸಿಕೊಂಡ.

ಇನ್ನು ನಿಧಾನದ ಮಾತು. ಚಿತ್ರ ನಿಧಾನ, ಹೌದು. ಆದರೆ ಆ ನಿಧಾನ ಸುಮ್ಮನೆ ಬಂದದ್ದಲ್ಲ. ಗಾಳಿಯೇ ಇಲ್ಲದ ಕಡೆ ಸಾವಿರಾರು ಟನ್ ತೂಗುವ ಒಂದು ವಸ್ತು ಇನ್ನೊಂದರ ಹತ್ತಿರ ಬರಬೇಕಾದರೆ ಎಷ್ಟು ಜೋಪಾನ ಬೇಕು? ನೌಕೆ ನಿಲ್ದಾಣಕ್ಕೆ ಸೇರುವ ದೃಶ್ಯದಲ್ಲಿ ಎರಡೂ ಒಂದೇ ಲಯದಲ್ಲಿ ತಿರುಗುತ್ತಾ ಹತ್ತಿರ ಬರುತ್ತವೆ. ಹಿನ್ನೆಲೆಯಲ್ಲಿ ಯೋಹಾನ್ ಸ್ಟ್ರಾಸ್‌ನ ‘ಬ್ಲೂ ಡ್ಯಾನ್ಯೂಬ್’. ಜೋಡಿಯಾಗಿ ಕುಣಿಯುವವರಿಗಾಗಿ ಬರೆದ ಸಂಗೀತಕ್ಕೆ ಎರಡು ಯಂತ್ರಗಳು ಕುಣಿಯುತ್ತವೆ. ಅಸಲಿಗೆ ಅಲೆಕ್ಸ್ ನಾರ್ತ್ ಅನ್ನುವ ಹಿರಿಯ ಸಂಗೀತಗಾರ ಈ ಚಿತ್ರಕ್ಕಾಗಿ ಹೊಸದಾಗಿ ಸಂಗೀತ ಬರೆದುಕೊಟ್ಟಿದ್ದ. ಕುಬ್ರಿಕ್ ಅದನ್ನು ಪೂರ್ತಿ ಬಿಟ್ಟ. ನಾರ್ತ್‌ಗೆ ಇದು ಗೊತ್ತಾದದ್ದು ನ್ಯೂಯಾರ್ಕ್‌ನಲ್ಲಿ ಚಿತ್ರ ನೋಡಲು ಕೂತಾಗ. ಆ ಮನುಷ್ಯನಿಗೆ ಎಷ್ಟು ನೋವಾಗಿರಬೇಡ! ಆದರೂ ಹಳೆಯ ಸಂಗೀತವನ್ನೇ ಇಟ್ಟುಕೊಂಡದ್ದು ಚಿತ್ರಕ್ಕೆ ಒಳ್ಳೆಯದಾಯಿತು ಅನ್ನುವುದು ನನ್ನ ಅಭಿಪ್ರಾಯ.

ಗಗನಯಾತ್ರಿ ಉರುಟು ಕೋಣೆಯಲ್ಲಿ ಸುತ್ತಲೂ ಓಡುವ ದೃಶ್ಯ ನಿಮಗೆ ನೆನಪಿರಬೇಕು. ಅದು ನಿಜವಾದ ಚಕ್ರ. ಸುಮಾರು 38 ಅಡಿ ವ್ಯಾಸ, 30 ಟನ್ ತೂಕ, ಜಾತ್ರೆಯ ಜೈಂಟ್ ವೀಲ್ ಹಾಗೆ ಇಡೀ ಕೋಣೆಯೇ ತಿರುಗುತ್ತಿತ್ತು. ಓಡುವ ನಟ ಯಾವಾಗಲೂ ತಳದಲ್ಲೇ ಇರುತ್ತಿದ್ದ, ನೆಲ ಅವನ ಕಾಲ ಕೆಳಗೆ ಸರಿಯುತ್ತಿತ್ತು. ಇನ್ನೊಂದು ಶಾಟ್‌ನಲ್ಲಿ ಒಬ್ಬ ಏಣಿಯಿಂದ ಇಳಿದು ಬರುತ್ತಾನೆ, ಇನ್ನೊಬ್ಬ ಎದುರು ಬದಿಯಲ್ಲಿ ಊಟ ಮಾಡುತ್ತಾ ಕೂತಿರುತ್ತಾನೆ. ಆ ಊಟ ಮಾಡುವ ಗ್ಯಾರಿ ಲಾಕ್‌ವುಡ್‌ನನ್ನು ಕುರ್ಚಿಗೆ ಬೆಲ್ಟ್ ಬಿಗಿದು ತಲೆಕೆಳಗಾಗಿ ತೂಗಿಸಿದ್ದರು. ವಿಮಾನದಲ್ಲಿ ತೇಲುವ ಪೆನ್ನು? ಅದನ್ನು ದೊಡ್ಡ ಗಾಜಿನ ಹಾಳೆಗೆ ಅಂಟಿಸಿ ಗಾಜನ್ನು ತಿರುಗಿಸಿದರು. ಗಗನಸಖಿ ಪೆನ್ನು ಹಿಡಿಯುವಾಗ ಗಾಜಿನಿಂದ ಕೀಳುತ್ತಾಳೆ, ಸೂಕ್ಷ್ಮವಾಗಿ ನೋಡಿದರೆ ಗೊತ್ತಾಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಕಂಪ್ಯೂಟರ್ ಪರದೆಗಳ ಮೇಲೆ ಓಡುವ ಚಿತ್ರಗಳೂ ಕೈಯಲ್ಲಿ ಮಾಡಿ ಫಿಲ್ಮ್‌ನಲ್ಲಿ ಹಿಂದಿನಿಂದ ಬಿಟ್ಟವು.

ಇಲ್ಲೇ ನಿಮ್ಮ ಮಗನ ಗೆಳೆಯರ ಮಾತಿಗೆ ಬರುತ್ತೇನೆ. ಚಂದ್ರನ ಮೇಲೆ ಇಳಿದದ್ದನ್ನು ಕುಬ್ರಿಕ್ ಸ್ಟುಡಿಯೋದಲ್ಲಿ ಶೂಟ್ ಮಾಡಿದ ಅನ್ನುವುದು ಶುದ್ಧ ಸುಳ್ಳು. ಅದಕ್ಕೆ ಸಾಕ್ಷಿ ಈ ಚಿತ್ರವೇ. ಚಿತ್ರ ಬಂದದ್ದು 1968ರ ಏಪ್ರಿಲ್‌ನಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈನಲ್ಲಿ. ಇದರಲ್ಲಿ ಬರುವ ಚಂದ್ರನ ಬೆಟ್ಟಗಳು ಚೂಪುಚೂಪು, ಗರಗಸದ ಹಲ್ಲಿನ ಹಾಗೆ. ಆಗ ಚಿತ್ರಕಾರರು ಚಂದ್ರನನ್ನು ಹಾಗೇ ಕಲ್ಪಿಸಿಕೊಳ್ಳುತ್ತಿದ್ದರು. ಅಪೋಲೋ ಫೋಟೋಗಳಲ್ಲಿ ಕಂಡ ಬೆಟ್ಟಗಳು ಉರುಟು, ಸವೆದ ದಿಬ್ಬಗಳ ಹಾಗೆ. ಇನ್ನೂ ಒಂದು. ಚಂದ್ರನ ಮೇಲಿನ ಗುಂಡಿಗೆ ಇಳಿಯುವ ವಿಜ್ಞಾನಿಗಳ ನಡಿಗೆ ನೋಡಿ. ನಾವು ನೀವು ಮೆಟ್ಟಿಲು ಇಳಿದಂತೆ ಇಳಿಯುತ್ತಾರೆ. ಅಲ್ಲಿನ ಗುರುತ್ವ ಇಲ್ಲಿಯ ಆರನೇ ಒಂದು ಭಾಗ. ಅಪೋಲೋ ಯಾತ್ರಿಗಳು ಕುಪ್ಪಳಿಸಿಕೊಂಡು ಹೋದದ್ದು ಅದಕ್ಕೇ. ಇಷ್ಟು ಜಾಗರೂಕ ನಿರ್ದೇಶಕನಿಗೇ ಸ್ಟುಡಿಯೋದೊಳಗೆ ಆ ನಡಿಗೆ ತರಲಾಗಲಿಲ್ಲ. ಮಗನಿಗೆ ಎರಡೂ ದೃಶ್ಯ ಅಕ್ಕಪಕ್ಕ ಇಟ್ಟು ತೋರಿಸಿ, ವಾದವೇ ಬೇಕಾಗುವುದಿಲ್ಲ.

ಇಂಥದ್ದೇ ಇನ್ನೊಂದು ಮಾತು ಓಡಾಡುತ್ತದೆ. ನೌಕೆ ನಡೆಸುವ ಆ ಕಂಪ್ಯೂಟರ್ ಹೆಸರು ಹ್ಯಾಲ್. ಅದರ ಮೂರು ಇಂಗ್ಲಿಷ್ ಅಕ್ಷರಗಳ ಮುಂದಿನ ಅಕ್ಷರ ಹಿಡಿದರೆ ಐಬಿಎಂ ಅನ್ನುವ ಕಂಪ್ಯೂಟರ್ ಕಂಪನಿಯ ಹೆಸರಾಗುತ್ತದೆ, ಅದು ಬೇಕೆಂದೇ ಇಟ್ಟ ಹೆಸರು ಅಂತ. ಜೊತೆಗೆ ಕೂತು ಕಥೆ ಬರೆದ ಆರ್ಥರ್ ಸಿ. ಕ್ಲಾರ್ಕ್ ಇದನ್ನು ಮತ್ತೆ ಮತ್ತೆ ಅಲ್ಲಗಳೆದರು. ಬರೀ ಕಾಕತಾಳೀಯ.

ಹ್ಯಾಲ್ ಯಾಕೆ ಕೊಲ್ಲುತ್ತದೆ ಅನ್ನುವುದು ನಿಮ್ಮ ಪತ್ರದ ಒಳ್ಳೆಯ ಪ್ರಶ್ನೆ. ಯಂತ್ರಕ್ಕೆ ಹುಚ್ಚು ಹಿಡಿಯಿತು, ಮನುಷ್ಯರನ್ನು ಆಳಬೇಕು ಅನ್ನಿಸಿತು ಅಂತ ಹಲವರು ತಿಳಿದಿದ್ದಾರೆ. ಚಿತ್ರ ಹೇಳುವುದು ಅದಲ್ಲ, ಆದರೆ ಸುಳಿವನ್ನು ಎರಡು ದೂರದ ಕಡೆ ಇಟ್ಟಿದೆ. ಮೊದಲನೆಯದು: ಹ್ಯಾಲ್ ಮೆತ್ತಗಿನ ದನಿಯಲ್ಲಿ ಗಗನಯಾತ್ರಿ ಬೋಮನ್‌ನನ್ನು ಕೇಳುತ್ತದೆ, ಈ ಯಾತ್ರೆಯ ಬಗ್ಗೆ ನಿನಗೇನೂ ಅನುಮಾನ ಇಲ್ಲವೇ, ಚಂದ್ರನಲ್ಲಿ ಏನೋ ಅಗೆದು ತೆಗೆದರಂತಲ್ಲ ಅಂತ. ಬೋಮನ್ ಆ ಮಾತನ್ನು ಮುಂದುವರಿಸಲು ಬಿಡುವುದಿಲ್ಲ. ಸರಿ ಅದೇ ಕ್ಷಣ ಹ್ಯಾಲ್ ‘ಒಂದು ನಿಮಿಷ, ಒಂದು ನಿಮಿಷ’ ಅಂದು, ಆಂಟೆನಾದ ಒಂದು ಘಟಕ 72 ಗಂಟೆಯೊಳಗೆ ಕೆಡುತ್ತದೆ ಅಂತ ವರದಿ ಕೊಡುತ್ತದೆ. ಆ ಘಟಕ ಕೆಟ್ಟಿರುವುದಿಲ್ಲ. ಎರಡನೆಯ ಸುಳಿವು ಬಹಳ ಹೊತ್ತಿನ ನಂತರ, ಹ್ಯಾಲ್ ಸತ್ತ ಮೇಲೆ. ತಾನಾಗಿ ಶುರುವಾಗುವ ರೆಕಾರ್ಡಿಂಗ್‌ನಲ್ಲಿ ಚಂದ್ರನಿಗೆ ಹೋಗಿದ್ದ ವಿಜ್ಞಾನಿ ಡಾಕ್ಟರ್ ಫ್ಲಾಯ್ಡ್ ಹೇಳುತ್ತಾನೆ: ಯಾತ್ರೆಯ ನಿಜವಾದ ಉದ್ದೇಶ ನೌಕೆಯಲ್ಲಿ ಇಷ್ಟು ದಿನ ಹ್ಯಾಲ್‌ಗೆ ಮಾತ್ರ ಗೊತ್ತಿತ್ತು. ಎರಡನ್ನೂ ಜೋಡಿಸಿ. ಸರಿಯಾದ ಮಾಹಿತಿಯನ್ನೇ ಕೊಡಬೇಕು ಅಂತ ಕಟ್ಟಿದ ಯಂತ್ರದ ಹೊಟ್ಟೆಯಲ್ಲಿ ಮನುಷ್ಯರು ಒಂದು ಗುಟ್ಟು ಇಟ್ಟು, ಜೊತೆಯವರಿಗೆ ಹೇಳಬೇಡ ಅಂದಿದ್ದಾರೆ. ಅಲ್ಲಿಂದ ಅದು ತಡವರಿಸಿತು. ಮುಂದೆ ಕ್ಲಾರ್ಕ್ ಇದನ್ನೇ ಬಿಡಿಸಿ ಬರೆದರು.

ನನ್ನನ್ನು ಇವತ್ತಿಗೂ ಕಾಡುವುದು ಹ್ಯಾಲ್ ಸಾಯುವ ರೀತಿ. ಮಲಗಿದ್ದ ಮೂವರು ಯಾತ್ರಿಗಳು ಸಾಯುವಾಗ ಕಿರುಚಾಟ ಇಲ್ಲ, ರಕ್ತ ಇಲ್ಲ, ಪರದೆಯ ಮೇಲೆ ಜೀವಕ್ರಿಯೆಯ ಗೆರೆಗಳು ನೇರವಾಗುತ್ತವೆ, ಅಷ್ಟೆ. ಆದರೆ ಕೆಂಪು ಕೋಣೆಯಲ್ಲಿ ಬೋಮನ್ ಒಂದೊಂದೇ ಬಿಲ್ಲೆ ಸಡಿಲಿಸುವಾಗ ಹ್ಯಾಲ್ ಬೇಡಿಕೊಳ್ಳುತ್ತದೆ. ನನಗೆ ಭಯ ಆಗುತ್ತಿದೆ, ನನ್ನ ಮನಸ್ಸು ಹೋಗುತ್ತಿದೆ, ನನಗೆ ಗೊತ್ತಾಗುತ್ತಿದೆ ಅನ್ನುತ್ತದೆ. ಡಗ್ಲಸ್ ರೇನ್ ಅನ್ನುವ ಕೆನಡಾದ ನಟನ ದನಿ ಅದು. ಎಲ್ಲೂ ಏರುವುದಿಲ್ಲ. ಕೊನೆಗೆ ‘ಡೈಸಿ’ ಹಾಡು ಹೇಳುತ್ತಾ, ದನಿ ತಗ್ಗುತ್ತಾ ತಗ್ಗುತ್ತಾ ನಿಂತುಹೋಗುತ್ತದೆ. ಆ ಹಾಡಿಗೂ ಕಾರಣ ಇದೆ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಒಂದರಿಂದ ಇದೇ ಹಾಡು ಹಾಡಿಸಿದ್ದರು, ಕ್ಲಾರ್ಕ್ ಅಲ್ಲಿಗೆ ಹೋದಾಗ ಕೇಳಿದ್ದರು. ಸಾಯುವ ಯಂತ್ರ ತನ್ನ ಕುಲದ ಬಾಲ್ಯಕ್ಕೆ ಹೋಗುತ್ತದೆ. ಇಡೀ ಚಿತ್ರದಲ್ಲಿ ನಮ್ಮ ಕರುಳು ಹಿಂಡುವ ಪಾತ್ರ ಇದೇ. ನಿಮಗೆ ಈ ಭಾಗ ಹಿಡಿಸಿತು ಅಂದಿರಿ. ಅಂದರೆ ಚಿತ್ರ ನಿಮ್ಮನ್ನು ಆಗಲೇ ಮುಟ್ಟಿದೆ.

ಕೊನೆಯ ಭಾಗಕ್ಕೆ ಬರೋಣ. ಕುಬ್ರಿಕ್ ತನ್ನ ಕಾಲದಲ್ಲಿ ಅರ್ಥ ವಿವರಿಸಲು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ, ನೀವೇ ಊಹಿಸಿಕೊಳ್ಳಿ ಅನ್ನುತ್ತಿದ್ದ. ಆದರೆ 1980ರಲ್ಲಿ ಜಪಾನಿನವರೊಬ್ಬರ ಜೊತೆ ಫೋನಿನಲ್ಲಿ ಮಾತಾಡುವಾಗ ಸರಳವಾಗಿ ಹೇಳಿಬಿಟ್ಟಿದ್ದಾನೆ, ಆ ರೆಕಾರ್ಡಿಂಗ್ 2018ರಲ್ಲಿ ಹೊರಬಂತು. ದೇಹವೇ ಇಲ್ಲದ, ಬರೀ ಶಕ್ತಿರೂಪದ ಜೀವಿಗಳು ಬೋಮನ್‌ನನ್ನು ಹಿಡಿದು ಮೃಗಾಲಯದಂಥ ಒಂದು ಕೋಣೆಯಲ್ಲಿ ಇಡುತ್ತಾರೆ. ಅವನಿಗೆ ಹಿತವಾಗಲಿ ಅಂತ ಫ್ರೆಂಚ್ ಅರಮನೆಯ ಹಾಗೆ ಕೋಣೆ ಮಾಡಿದ್ದಾರೆ, ಆದರೆ ಸರಿಯಾಗಿ ಬಂದಿಲ್ಲ. ಅವನ ಇಡೀ ಆಯಸ್ಸು ಅಲ್ಲೇ ಕಳೆಯುತ್ತದೆ. ಆಮೇಲೆ ಅವನನ್ನು ಬೇರೊಂದು ಜೀವಿಯಾಗಿ ಮಾಡಿ ಭೂಮಿಗೆ ಕಳಿಸುತ್ತಾರೆ. ಚಿತ್ರದ ಕೊನೆಯಲ್ಲಿ ಕಾಣುವ ಆ ಮಗು ಅದೇ.

ಇಷ್ಟು ಗೊತ್ತಿದ್ದರೂ ಆ ಕೋಣೆ ನಿಗೂಢವಾಗೇ ಉಳಿಯುತ್ತದೆ ಅನ್ನುವುದೇ ಅದರ ಶಕ್ತಿ. ಸ್ನಾನದ ಮನೆಯಲ್ಲಿ ನಿಂತ ಬೋಮನ್‌ಗೆ ಚಮಚದ ಸದ್ದು ಕೇಳುತ್ತದೆ. ಇಣುಕಿದರೆ ಊಟ ಮಾಡುತ್ತಿರುವವನು ತಾನೇ, ಇನ್ನೂ ವಯಸ್ಸಾದ ತಾನು. ಆ ಮುದುಕ ಎದ್ದು ಬಂದು ನೋಡುವಾಗ ಇಣುಕಿದವನು ಇಲ್ಲ. ಊಟಕ್ಕೆ ಮತ್ತೆ ಕೂತಾಗ ಕೈ ತಾಗಿ ಗಾಜಿನ ಲೋಟ ಬಿದ್ದು ಒಡೆಯುತ್ತದೆ. ಬಗ್ಗಿ ಚೂರುಗಳನ್ನು ನೋಡುತ್ತಾನೆ. ತಲೆ ಎತ್ತಿದರೆ ಹಾಸಿಗೆಯ ಮೇಲೆ ಸಾಯುತ್ತಿರುವ ತಾನು. ಮುಪ್ಪು ನಮಗೂ ಹೀಗೇ ಬರುತ್ತದಲ್ಲ, ಯಾವುದೋ ಸಣ್ಣ ಕೆಲಸದ ನಡುವೆ ತಲೆ ಎತ್ತಿದಾಗ.

ಈಗ ಮತ್ತೆ ನೋಡುವ ವಿಚಾರ. ಕಾದಂಬರಿ ಮೊದಲು ಬೇಡ ಅನ್ನುತ್ತೇನೆ. ಚಿತ್ರಕ್ಕೆ ಅದು ಮೂಲ ಅಲ್ಲ. ಕ್ಲಾರ್ಕ್ ಹಿಂದೆ ಬರೆದಿದ್ದ ಒಂದು ಸಣ್ಣಕಥೆಯ ಎಳೆ ಹಿಡಿದು, 1964ರಿಂದ ಇಬ್ಬರೂ ಚಿತ್ರಕಥೆ, ಕಾದಂಬರಿ ಎರಡನ್ನೂ ಜೊತೆಜೊತೆಗೇ ಕಟ್ಟಿದರು. ಪುಸ್ತಕ ಹೊರಬಂದದ್ದು ಚಿತ್ರ ಬಂದ ಕೆಲವು ತಿಂಗಳ ಮೇಲೆ. ಅದರಲ್ಲಿ ಪ್ರತಿಯೊಂದಕ್ಕೂ ಕಾರಣ ಬರೆದಿದೆ. ಮೊದಲೇ ಓದಿದರೆ ಚಿತ್ರ ನೋಡುವಾಗ ನೀವು ಉತ್ತರಗಳಿಗೆ ಟಿಕ್ ಹಾಕುತ್ತಾ ಕೂರುತ್ತೀರಿ. ಅಲ್ಲಿ ನೌಕೆ ಶನಿಗ್ರಹಕ್ಕೆ ಹೋಗುತ್ತದೆ, ಚಿತ್ರದಲ್ಲಿ ಗುರುಗ್ರಹಕ್ಕೆ. ಮಗನಿಗೆ ಅದೊಂದು ಗೊಂದಲ. ಎರಡನೇ ಸಲ ನೋಡಿದ ಮೇಲೆ ಅವನಿಗೆ ಕೊಡಿಸಿ, ಆಗ ಅದು ಬಹಳ ರುಚಿ. ಯೂಟ್ಯೂಬ್‌ನ ‘ಅರ್ಥ ಬಿಡಿಸಿದ’ ವಿಡಿಯೋಗಳಿಗೂ ಇದೇ ಮಾತು.

ಹ್ಯಾಲ್ ಭಾಗ ಮಾತ್ರ ನೋಡೋಣವೇ ಅಂತ ಕೆಲವರು ಕೇಳುತ್ತಾರೆ. ನೋಡಬಹುದು, ರೋಚಕವಾಗೇ ಇರುತ್ತದೆ. ಆದರೆ ಮೂಳೆ ಹಿಡಿದ ಕೈ ನೋಡದವರಿಗೆ ಹ್ಯಾಲ್ ಆ ಮೂಳೆಯ ಮರಿಮಗ ಅಂತ ಹೊಳೆಯುವುದಿಲ್ಲ.

ದೊಡ್ಡ ಪರದೆ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಇದು 70 ಎಂಎಂ ಚಿತ್ರ, ಬಾಗಿದ ಭಾರಿ ಪರದೆಗಾಗಿ ತೆಗೆದದ್ದು. 2018ರಲ್ಲಿ ಐವತ್ತು ವರ್ಷ ತುಂಬಿದಾಗ ಹೊಸ 70 ಎಂಎಂ ಪ್ರಿಂಟ್ ತೆಗೆದು ಹಲವು ದೇಶಗಳಲ್ಲಿ ತೋರಿಸಿದರು. ಚಿತ್ರೋತ್ಸವದ ಪಟ್ಟಿಯಲ್ಲಿ ಕಂಡರೆ ಒಂದು ದಿನ ರಜೆ ಹಾಕಿಯಾದರೂ ಹೋಗಿ. ಆದರೆ ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಡಿ, ಮಗ ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತಾನೆ.

ಮನೆಯ ಟಿವಿ ಸಾಕು, ಲ್ಯಾಪ್‌ಟಾಪ್ ಬೇಡ. ಅಗಲದ ಚಿತ್ರ ಅಲ್ಲಿ ಒಂದು ಪಟ್ಟಿ ಆಗಿಬಿಡುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಮೋಷನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನಯ ಮಾಡುವುದು) ಅಂತ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಆ ಅಂದವಾದ ಮಾದರಿ ನೌಕೆಗಳು ಆಟಿಕೆಯ ಹಾಗೆ ಕಾಣುತ್ತವೆ. ಊಟ ಆದ ಮೇಲೆ ಬೇಡ. ಭಾನುವಾರ ಸಂಜೆ ಕಿಟಕಿ ಮುಚ್ಚಿ, ಫೋನ್‌ಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು ಕೂರಿ. ಶುರುವಿನ ಆ ಕಪ್ಪು ಪರದೆಯನ್ನು ಮಾತ್ರ ದಯವಿಟ್ಟು ಓಡಿಸಬೇಡಿ. ಫೈಲ್ ಕೆಟ್ಟಿಲ್ಲ. ಅದು ಲಿಗೆಟಿ ಅನ್ನುವ ಹಂಗೇರಿ ಮೂಲದ ಸಂಗೀತಗಾರನ ಕೃತಿ, ಸುಮಾರು ಮೂರು ನಿಮಿಷ. ಕಿವಿಯನ್ನು ಮೊದಲು ತೆರೆಸಿ, ಆಮೇಲೆ ಕಣ್ಣಿಗೆ ಕೆಲಸ ಕೊಡುತ್ತದೆ.

ಎರಡು ಎಚ್ಚರಿಕೆ. ಚಂದ್ರನ ಮೇಲೆ ಕಪ್ಪು ಚಪ್ಪಡಿಯಿಂದ ಬರುವ ಕೀರಲು ಸದ್ದು ಬಹಳ ಜೋರು, ಹೆಡ್‌ಫೋನ್ ಹಾಕಿದ್ದರೆ ಕಿವಿಗೆ ಹೊಡೆಯುತ್ತದೆ. ಕೊನೆಯಲ್ಲಿ ಬಣ್ಣದ ಬೆಳಕುಗಳು ನುಗ್ಗಿ ಬರುವ ಭಾಗ ಹತ್ತು ನಿಮಿಷದ ಹತ್ತಿರ ಇದೆ. ಮನೆಯಲ್ಲಿ ಯಾರಿಗಾದರೂ ಮಿನುಗುವ ಬೆಳಕಿಗೆ ಫಿಟ್ಸ್ ಬರುವ ತೊಂದರೆ ಇದ್ದರೆ, ಅವರು ಆಗ ಎದ್ದು ಹೊರಗೆ ಹೋಗುವುದು ಒಳ್ಳೆಯದು.

ಹ್ಯಾಲ್ ಗಾಜಿನಾಚೆಯಿಂದ ಇಬ್ಬರ ತುಟಿ ಓದುವ ದೃಶ್ಯ ಆದ ಕೂಡಲೇ ಮಧ್ಯಂತರ. ಅದು ಚಿತ್ರವೇ ಕೊಟ್ಟದ್ದು, ಬಳಸಿಕೊಳ್ಳಿ. ಎದ್ದು ಚಹಾ ಮಾಡಿಕೊಳ್ಳಿ. ಮಗನ ಜೊತೆ ಮಾತಾಡಿ, ಆದರೆ ಮುಂದೇನಾಗುತ್ತದೆ ಅನ್ನುವುದನ್ನಲ್ಲ, ಇದುವರೆಗೆ ಯಾವ ಸದ್ದು ಕೇಳಿಸಿತು ಅಂತ ಕೇಳಿ. ಉಸಿರಾಟದ ಸದ್ದು ಅಂತ ಅವನು ಹೇಳಿದರೆ, ಮುಂದಿನ ಭಾಗದಲ್ಲಿ ಆ ಉಸಿರು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅವನೇ ನಿಮಗೆ ತೋರಿಸುತ್ತಾನೆ. ಅಷ್ಟು ಹೊತ್ತಿಗೆ ಸುಸ್ತಾಗಿದ್ದರೆ ಅಲ್ಲೇ ನಿಲ್ಲಿಸಿ, ಮರುದಿನ ಸಂಜೆ ಅಲ್ಲಿಂದಲೇ ಶುರು ಮಾಡಿ. ಏನೂ ನಷ್ಟ ಇಲ್ಲ. ನೋಡಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಮಗನಿಗೆ ಏನನ್ನಿಸಿತು ಅನ್ನುವುದನ್ನೂ ಬರೆಯಿರಿ.